ಒಣಗಲು ಬಿಟ್ಟ ಕೋಲು

ಹಸಿ ತೊಗಟೆ ಸುಡುವ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ಸಾಕು, ವಾಲ್ನಟ್ ಕ್ರೀಕಿನ ಆ ಹಳೆಯ ಮನೆಯ ಹಿತ್ತಲಿಗೆ ಹೋಗಿಬಿಡುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಿಂದ ಕಡಲು ದಾಟಿ ಬಂದ ನಾವು ಮೂವರು, ಅಪ್ಪ, ಅಮ್ಮ, ನಾನು, ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಬೆನ್ಯಾತ್ ಮತ್ತು ಅವರ ಹೆಂಡತಿ ಮೈತೆ, ಸ್ಪೇನು-ಫ್ರಾನ್ಸುಗಳ ನಡುವಿನ ಬೆಟ್ಟಗಳ ಬಾಸ್ಕ್ ಜನ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇರಲಿಲ್ಲ. ಅಲ್ಲಿ ಗಂಡ ಊರುಗೋಲು ಮಾಡುತ್ತಿದ್ದರು, ಹೆಂಡತಿ ಹಿಡಿಕೆಗೆ ತೊಗಲ ದಾರ ಹೆಣೆಯುತ್ತಿದ್ದರು. ವಸಂತದಲ್ಲಿ ಹಿತ್ತಲಿನ ಮೆಡ್ಲರ್ ಎಂಬ ಗಟ್ಟಿಮರದ ಗಿಡಗಳಿಗೆ, ಅವು ನಿಂತಿದ್ದಂತೆಯೇ, ಬೆನ್ಯಾತ್ ಚಾಕುವಿನಿಂದ ಗೀರು ಹಾಕುತ್ತಿದ್ದರು. ಗಾಯ ಮಾಯುತ್ತ ಉಬ್ಬಿ ಅದೇ ಕೋಲಿನ ಚಿತ್ತಾರವಾಗುತ್ತಿತ್ತು. ಚಳಿಗಾಲದಲ್ಲಿ ಕಡಿದು, ಬೆಂಕಿಗೆ ಹಿಡಿದು ತೊಗಟೆ ಸುಲಿದು, ವರ್ಷಗಟ್ಟಲೆ ಒಣಗಲು ಬಿಡುತ್ತಿದ್ದರು. ಗಿಡಕ್ಕೆ ನೋವಾಗುವುದಿಲ್ಲವೇ ಎಂದು ಕೇಳಿದ್ದೆ. ಆಗುತ್ತದೆ ಎಂದರು. ಮಕ್ಕಳೆಂದು ಸುಳ್ಳು ಹೇಳುವ ಅಭ್ಯಾಸ ಆ ಮನುಷ್ಯನಿಗಿರಲಿಲ್ಲ.

ಅಪ್ಪನ ಕಾಲು ಸೋಲತೊಡಗಿದ್ದು ಆಗಲೇ. ವಯಸ್ಸು ನಲವತ್ತೂ ತುಂಬಿರಲಿಲ್ಲ. ನರಗಳ ಕಾಯಿಲೆ, ವಾಸಿಯಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗೋಡೆ ಹಿಡಿದು ಆಫೀಸಿಗೆ ಹೊರಟರೂ ಕೋಲು ಮಾತ್ರ ಬೇಡ, ಈಗಲೇ ಮುದುಕನಾಗಲಾರೆ ಎಂಬ ಹಟ. ತಮ್ಮ ಊರಲ್ಲಿ ಅದನ್ನು ಕೊಡುವುದು ಮರ್ಯಾದೆಗೆ, ಮುಪ್ಪಿಗಲ್ಲ ಎಂದು ಬೆನ್ಯಾತ್ ಒಪ್ಪಿಸಿ, ಅಪ್ಪನಿಗೆಂದೇ ಒಂದು ಗಿಡಕ್ಕೆ ಗೀರು ಹಾಕಿದರು. ಅದು ಒಣಗುವವರೆಗೆ ಕಾಲು ತಡೆಯಬೇಕಿತ್ತು, ಅಷ್ಟೇ. ದೀಪ ಹಚ್ಚುವಾಗ ಅಮ್ಮ ಬೇಡುತ್ತಿದ್ದುದೂ ಅದನ್ನೇ. ಹಿಡಿಕೆಯ ಬೆಳ್ಳಿ ಬಳೆಯ ಮೇಲೆ ಒಡೆಯನ ಮೆಚ್ಚಿನ ಮಾತೊಂದನ್ನು ಕೆತ್ತುವುದು ಅವರ ಪದ್ಧತಿ. ಏನು ಕೆತ್ತಲಿ ಎಂದು ಕೇಳಿದಾಗ ಅಪ್ಪ ಕೈ ಬೀಸಿ, “ನಡೀತದ, ನಡೀತದ,” ಎಂದರು. ಯಾವುದಾದರೂ ಸರಿ ಎಂದಷ್ಟೇ ಅದರ ಅರ್ಥ. ನಮ್ಮ ಕಡೆಯವರಿಗೆ ಬೇಳೆ ಸೀದರೂ ನಡೀತದ, ಬಸ್ಸು ತಪ್ಪಿದರೂ ನಡೀತದ. ಬೆನ್ಯಾತ್ ತಲೆಯಾಡಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿಕೊಂಡರು.

ಮರ ಒಣಗಿತು, ಅಪ್ಪ ಕಾಯಲಿಲ್ಲ. ಮೊದಲು ಗಾಲಿಕುರ್ಚಿ, ಆಮೇಲೆ ಹಾಸಿಗೆ, ಆಮೇಲೆ ಏನೂ ಇಲ್ಲ. ಕರ್ಮಗಳೆಲ್ಲ ಮುಗಿದ ಮೇಲೊಂದು ಸಂಜೆ ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದು ಕೋಲನ್ನು ಅಮ್ಮನ ಕೈಗಿಟ್ಟರು. ಇದು ಅವರ ಅಳತೆ, ಅವರ ಮಾತು, ಬೇರೆಯವರಿಗೆ ಕೊಡಲು ಬರುವುದಿಲ್ಲ ಎಂದರು. ಬಳೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅಮ್ಮ ಬೆರಳಿಟ್ಟು ಕೂಡಿಸಿ ಓದಿದಳು: ನಡೀತದ. ಅದೇ ಅಪ್ಪನ ಮೆಚ್ಚಿನ ಮಾತೆಂದು ಅವರು ನಂಬಿದ್ದರು. ಅಲ್ಲವೆಂದು ನಾವು ಎಂದೂ ಹೇಳಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಗ್ಯಾರೇಜು, ಹಿತ್ತಲು ಇದ್ದಲ್ಲಿ ಪಾರ್ಕಿಂಗ್ ಲಾಟು. ಕೋಲು ಅಮ್ಮನ ಕೋಣೆಯ ಬಾಗಿಲ ಹಿಂದೆ ನಿಂತಿದೆ, ಅದರ ತುದಿಯ ಕಬ್ಬಿಣ ಇನ್ನೂ ಹೊಸದು. ನನಗೆ ಮರೆಯಲಾಗದ್ದು, ಆ ಸಂಜೆ ಅವರು ಮೆಟ್ಟಿಲಿಳಿದು ಹೋದ ಮೇಲೆ ಅಮ್ಮ ಅಪ್ಪನ ಖಾಲಿ ಹಾಸಿಗೆಯತ್ತ ತಿರುಗಿ ಮೆಲ್ಲಗೆ ಕೇಳಿದ್ದು: “ಎಲ್ಲಿ ನಡೀತದರೀ?”