ಅವ್ವನ ಶ್ರುತಿಗೆ ಎಟುಕದ ದನಿ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಸಂಗೀತದ ಪಾಠಕ್ಕೆ ಸೇರಿಕೊಂಡಾಗ ಗುಬ್ಬಿಯ ನಮ್ಮ ಬೀದಿಯವರು ಅದನ್ನು ಹವ್ಯಾಸ ಎಂದೇ ತಿಳಿದರು. ಮಗಳು ಹಾಸ್ಟೆಲ್ಲಿಗೆ ಹೋದಳು, ಇನ್ನು ಈಕೆಗೆ ಹೊತ್ತು ಹೋಗಬೇಕಲ್ಲ ಎಂದು ಪಕ್ಕದ ಮನೆಯವರು ಅಂದದ್ದು ನನ್ನ ಕಿವಿಗೂ ಬಿತ್ತು. ನಾನು ತಿದ್ದಲು ಹೋಗಲಿಲ್ಲ. ಅವ್ವನಿಗೆ ಸ್ಟ್ರೋಕ್ ಆಗದೆ ಇದ್ದಿದ್ದರೆ ನಾನು ಸಾಯುವವರೆಗೂ ಬಾಯಿ ತೆರೆದು ಒಂದು ಸಾಲು ಹಾಡುತ್ತಿರಲಿಲ್ಲ.

ನನ್ನ ತವರು ಕುಣಿಗಲ್ ತಾಲ್ಲೂಕು. ಮಾರ್ಕೋನಹಳ್ಳಿ ಡ್ಯಾಮಿನ ಕಾಲುವೆ ನೀರು ಹರಿಯುವ ಊರು. ತೆಂಗಿನ ತೋಟ, ಒಂದಿಷ್ಟು ಗದ್ದೆ, ದಿಬ್ಬದ ಮೇಲೆ ರಾಗಿ ಹೊಲ. ಸುತ್ತಲಿನ ಊರುಗಳಲ್ಲಿ ಮದುವೆ ಇದ್ದರೆ ಸೋಬಾನೆ ಹೇಳಲು ಅವ್ವನನ್ನೇ ಕರೆಯುತ್ತಿದ್ದರು. ಅವಳು ಎತ್ತಿಕೊಟ್ಟ ಪದಕ್ಕೆ ಉಳಿದ ನಾಲ್ಕು ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಮೈಕಿಲ್ಲದೆ ಚಪ್ಪರದ ಆಚೆಗೂ ಕೇಳಿಸುವ, ಬಹಳ ಎತ್ತರದ, ತೆಳುವಾದ ದನಿ ಅವಳದು. ಅವಳ ಸೆರಗು ಹಿಡಿದು ಮದುವೆಯಿಂದ ಮದುವೆಗೆ ಹೋಗುತ್ತ ಆ ಪದಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಹಾಗಲವಾಡಿಯಲ್ಲಿ ನೆಂಟರ ಮದುವೆಯಾಯಿತು. ಹೆಣ್ಣಿಗೆ ಅರಿಸಿನ ಹಚ್ಚುತ್ತಿದ್ದರು. ಅವ್ವನ ಪಕ್ಕದಲ್ಲಿ ಕೂತಿದ್ದ ನನಗೆ ಅದೇನು ಹುರುಪು ಬಂತೋ, ಹೆಂಗಸರ ಜೊತೆ ನಾನೂ ದನಿ ಸೇರಿಸಿದೆ. ಎರಡನೆಯ ಸಾಲಿಗೆ ಅದು ಒಡೆದು ಕೀರಲಾಯಿತು. ಎಲ್ಲರೂ ನಕ್ಕರು. ಅವ್ವ ಅರಿಸಿನ ಮೆತ್ತಿದ ಕೈಯನ್ನು ನನ್ನ ಬಾಯಿಯ ಮೇಲೆ ಒತ್ತಿ ಹಿಡಿದಳು. ಪದವನ್ನು ಮಾತ್ರ ನಿಲ್ಲಿಸಲಿಲ್ಲ. ಅದು ಮುಗಿಯುವ ತನಕ ಕೈಯನ್ನೂ ತೆಗೆಯಲಿಲ್ಲ. ಆಮೇಲೆ ನಗುತ್ತ, "ಕಣ್ಣು ನಂದೇ ಬಂದವೆ, ಗಂಟ್ಲು ಬರ್ಲಿಲ್ಲ ಇವ್ಳಿಗೆ" ಅಂದಳು.

ಅದೇ ಮಾತನ್ನು ಅವಳು ನನ್ನ ಮದುವೆಯಲ್ಲಿ ಅಂದಳು, ನನ್ನ ಮಗಳ ನಾಮಕರಣದಲ್ಲೂ ಅಂದಳು. ಅವಳಿಗೆ ಅದೊಂದು ತಮಾಷೆ. ನಾನು ಶಾಲೆಯ ಪ್ರಾರ್ಥನೆಯಲ್ಲಿ ತುಟಿ ಅಲ್ಲಾಡಿಸಿದೆ, ಆರತಿ ಹೊತ್ತಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ಹುಡುಕಿಕೊಂಡೆ. ಮಗಳನ್ನು ತೊಟ್ಟಿಲಲ್ಲಿ ತೂಗಿದ್ದು ನಾನಾದರೂ ಜೋಗುಳ ಹೇಳಿದ್ದು ನನ್ನ ಗಂಡ.

ರಾಗಿ ಕಣ ಮುಗಿದ ವಾರ ಅವ್ವ ಕೊಟ್ಟಿಗೆಯ ಬಳಿ ಕುಸಿದು ಬಿದ್ದಳು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹಂಗಲ್ಲ. ನೀರು ಬೇಕಾದರೂ ಹಂಗಲ್ಲ, ನೋವಾದರೂ ಹಂಗಲ್ಲ, ನನ್ನ ತಮ್ಮನ ಮಗನನ್ನು ಕಂಡು ಸಂತೋಷವಾದರೂ ಹಂಗಲ್ಲ. ತಾನು ಅನ್ನಹೊರಟಿದ್ದೇ ಬೇರೆ, ಬಾಯಿಂದ ಬರುತ್ತಿರುವುದೇ ಬೇರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹೇಳಿ ಮುಗಿಸಿದ ಮೇಲೆ ನಮ್ಮ ಮುಖ ನೋಡಿ, ಎಡಗೈಯಿಂದ ತೊಡೆಗೆ ಹೊಡೆದುಕೊಂಡು ಅಳುತ್ತಿದ್ದಳು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳಿದ್ದಳು. ಮಾತು ಮಿದುಳಿನ ಎಡಭಾಗದಲ್ಲಿರುತ್ತೆ, ಅಲ್ಲಿ ಪೆಟ್ಟಾಗಿದೆ, ಆದರೆ ರಾಗ ಬಹುಪಾಲು ಇನ್ನೊಂದು ಕಡೆ ಇರುತ್ತೆ ಎಂದು ಅವಳು ಬಿಡಿಸಿ ಹೇಳಿದಳು. ಅಮ್ಮ ಮೊದಲಿಂದ ಹಾಡುತ್ತಿದ್ದ ಹಾಡನ್ನು ಅವರ ಎದುರಿಗೆ ಕೂತು, ಎಡಗೈ ಮೇಲೆ ತಾಳ ತಟ್ಟುತ್ತ ಹಾಡಿ, ಮಾತು ಹಾಡಿನ ದಾರಿಯಲ್ಲಿ ಬಂದರೂ ಬರಬಹುದು ಅಂದಳು. ನನ್ನ ತಮ್ಮ ಫೋನಿನಲ್ಲಿ ಹಳ್ಳಿ ಪದಗಳನ್ನು ಹುಡುಕಿ ಹಾಕಿದ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಜೊತೆ ಹಾಡುತ್ತಿದ್ದ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದ ಇಬ್ಬರು ಬಂದು, ಅವಳ ಸೊಟ್ಟ ಬಾಯಿ ನೋಡಿ, ಅತ್ತು ಹೋದರು. ತಮ್ಮನ ಹೆಂಡತಿಗೆ ಆ ಪದಗಳು ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಒಂದು ಭಾನುವಾರ ಅವಳ ಮುಂದೆ ಕೂತೆ. ಕೈ ಹಿಡಿದುಕೊಂಡೆ. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಮತ್ತೆ ಪ್ರಯತ್ನಪಟ್ಟಾಗ ಕರ್ಕಶವಾದ ಏನೋ ಹೊರಟಿತು. ಅವ್ವ ನನ್ನನ್ನೇ ನೋಡುತ್ತ, "ಹಂಗಲ್ಲ" ಅಂದಳು.

ಅದು ಅವಳಿಗೆ ಉಳಿದಿದ್ದ ಒಂದೇ ಮಾತು ಎಂದು ನನಗೆ ಗೊತ್ತಿತ್ತು. ಆದರೂ ಎದ್ದು ಹೊರಗೆ ಹೋದೆ. ತೋಟದ ಬದುವಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಈಗಲೂ ನಿನಗೆ ಅದೇ ಬೇಕಾ ಎಂದು ಕಾಯಿಲೆ ಬಿದ್ದ ಮುದುಕಿಯನ್ನು ಮನಸ್ಸಿನಲ್ಲೇ ಬೈದೆ.

ನಾನು ತುಮಕೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅವ್ವನನ್ನು ನೋಡಲು ಕುಣಿಗಲ್ ಬಸ್ ಹತ್ತಿದಾಗಲೆಲ್ಲ ಮರಳೂರಿನಲ್ಲಿ ಒಂದು ಮನೆಯ ಗೇಟಿಗೆ ಸಂಗೀತ ಪಾಠದ ಬೋರ್ಡ್ ಕಾಣುತ್ತಿತ್ತು. ಆ ಮಂಗಳವಾರ ಆಫೀಸ್ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಅರವತ್ತು ದಾಟಿದ, ಮಂಡಿನೋವಿನ ಟೀಚರ್ ಒಬ್ಬರು ಮಹಡಿಯ ಮೇಲಿನ ರೂಮಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಮರುಕ ತೋರಿಸಲಿಲ್ಲ. ಮಂಗಳವಾರ, ಶುಕ್ರವಾರ, ಮಕ್ಕಳ ಪಾಠಕ್ಕೆ ಮುಂಚೆ ಅರ್ಧ ಗಂಟೆ ಎಂದು ಹೊತ್ತು ಗೊತ್ತುಮಾಡಿದರು.

ಮೊದಲ ತಿಂಗಳು ಬರೀ 'ಸ'. ಶ್ರುತಿಪೆಟ್ಟಿಗೆ ಗುಂಯ್ ಅನ್ನುತ್ತಿರುತ್ತಿತ್ತು, ನಾನು ಅದರೊಳಗೆ ನನ್ನ ದನಿಯನ್ನು ಮುಚ್ಚಿಡಲು ನೋಡುತ್ತಿದ್ದೆ. ಬೇಗ ಬಂದ ಮಕ್ಕಳು ಮೆಟ್ಟಿಲ ಮೇಲೆ ಕೂತು ಕಿಸಕ್ಕನೆ ನಗುವುದು ಕೇಳಿಸುತ್ತಿತ್ತು. ಎರಡು ಸಲ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ಸಲ ಟೀಚರೇ ಫೋನ್ ಮಾಡಿ ಬನ್ನಿ ಅಂದರು. ಅವತ್ತು ಅವರು ಶ್ರುತಿಪೆಟ್ಟಿಗೆ ನಿಲ್ಲಿಸಿ ಹೇಳಿದ್ದು ನೆನಪಿದೆ.

"ನೀವು ತಪ್ಪು ಹಾಡ್ತೀರ ಅಂತ ಅಲ್ಲ. ಹಾಡೋಕೆ ಮುಂಚೇನೇ ಕ್ಷಮೆ ಕೇಳ್ತೀರ. ತಪ್ಪಾದ್ರೆ ಗಟ್ಟಿಯಾಗಿ ತಪ್ಪಾಗ್ಲಿ, ಆಗ ನಾನು ತಿದ್ದಬಹುದು. ಇಲ್ದೇ ಇರೋ ದನೀನ ಹೆಂಗೆ ತಿದ್ಲಿ?"

ಆಮೇಲೆ ಅವರು ಶ್ರುತಿಯನ್ನು ಒಂದೊಂದೇ ಮನೆ, ಅಂದರೆ ಒಂದೊಂದೇ ಸ್ವರದ ಮೆಟ್ಟಿಲು, ಇಳಿಸುತ್ತ ಬಂದರು. ಒಂದು ಕಡೆ ಬಂದಾಗ ನನ್ನ 'ಸ' ಅಲುಗಾಡದೆ ನಿಂತಿತು. ಎದೆಯೊಳಗೆಲ್ಲೋ ಅದುರಿದ ಹಾಗಾಯಿತು. ಅಷ್ಟು ದಪ್ಪ ದನಿ ನನ್ನದು ಎಂದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಜಾಗ ಇದು, ನಿಮ್ಮ ತಾಯಿಯದು ತೀರ ಮೇಲಿರಬೇಕು, ಅವರ ಎತ್ತರಕ್ಕೆ ಏರಲು ಹೋಗಿ ಗಂಟಲು ಒಡೆದಿದೆ, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದರು ಟೀಚರ್.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಬರೀ ನಾಲ್ಕು ಮನೆ ಕೆಳಗೆ ಹಾಡಿದ್ದರೆ ಸಾಕಿತ್ತು. ಅಷ್ಟಕ್ಕೆ ಮೂವತ್ತೈದು ವರ್ಷ ಹೋಗಿತ್ತು.

ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಸಾಧನೆ ಮಾಡಲು ಶುರುಮಾಡಿದೆ. ಗಂಡ ಹೈಸ್ಕೂಲ್ ಮೇಷ್ಟ್ರು, ಮೆದು ಸ್ವಭಾವದವರು. ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಪೇಪರ್ ಓದುತ್ತಿದ್ದರು. ಬಾಗಿಲು ಮುಚ್ಚಿದ್ದಕ್ಕೂ ನನಗೆ ಚುಚ್ಚುತ್ತಿತ್ತು. ಆದರೆ ಹಾಡು ನಿಲ್ಲಲಿಲ್ಲ. ಆ ಹೊತ್ತಿಗೆ ಚುಚ್ಚಿದರೂ ಹಾಡಬಹುದು ಎಂದು ಕಲಿತಿದ್ದೆ.

ಭಾನುವಾರಗಳಂದು ಅವ್ವನ ಮುಂದೆ ಕೂರುತ್ತಿದ್ದೆ. ನನ್ನ ಶ್ರುತಿಯಲ್ಲಿ, ಅವಳ ಪದಗಳು. ಮೊದಮೊದಲು ಅವಳು ಹಣೆ ಗಂಟಿಕ್ಕಿ, ಹಂಗಲ್ಲ, ಹಂಗಲ್ಲ ಎಂದು ಎಡಗೈಯನ್ನು ಮೇಲೆ ಮೇಲೆ ಎತ್ತಿ ತೋರಿಸುತ್ತಿದ್ದಳು. ಎತ್ತರಕ್ಕೆ ಹೋಗು ಎಂದು. ಅದು ಮಾತ್ರ ನನಗೆ ಸ್ಪಷ್ಟವಾಗಿ ಅರ್ಥವಾಗುತ್ತಿತ್ತು. ನಾನು ಹೋಗಲಿಲ್ಲ. ಹೋಗಲಾರೆ ಕಣವ್ವ, ನೀನೇ ಇಳಿದು ಬಾ ಅಂದೆ. ಆರನೆಯ ಭಾನುವಾರ, ನಾನು ಸಾಲಿನ ಕೊನೆಗೆ ಬಂದಾಗ ಅವಳ ತುಟಿಯಿಂದ ಆ ಸಾಲಿನ ಕಡೆಯ ಪದ ಬಿತ್ತು. ಮುದ್ದೆಯಾಗಿ, ಆದರೆ ಅದೇ ಪದ. ಬಾಗಿಲಲ್ಲಿ ಕಾಯಿ ಸುಲಿಯುತ್ತಿದ್ದ ತಮ್ಮ ಎದ್ದು ಒಳಗೆ ಬಂದು ಗೋಡೆಗೆ ಒರಗಿ ನಿಂತ.

ಅಲ್ಲಿಂದ ಎರಡು ತಿಂಗಳಲ್ಲಿ ಅವಳು ಪೂರ್ತಿ ಸಾಲುಗಳನ್ನು ಹೇಳಿದಳು, ನನ್ನ ಶ್ರುತಿಗೇ ಇಳಿದು. ತರಬೇತಿಯ ಹುಡುಗಿ ಹೇಳಿಕೊಟ್ಟಂತೆ, 'ನೀರು ಕೊಡು', 'ಕಾಲು ನೋಯ್ತದೆ' ಎಂಬುದನ್ನೂ ಪದದ ಧಾಟಿಗೆ ಕೂರಿಸಿದೆವು. ಅವ್ವ ರಾಗ ಎಳೆದು ನೀರು ಕೇಳುವುದನ್ನು ನೋಡಿ ಊರಿನವರು ನಗುವುದೋ ಅಳುವುದೋ ತಿಳಿಯದೆ ನಿಲ್ಲುತ್ತಿದ್ದರು.

ನನಗೆ ಮಾತ್ರ ಆಸೆ ಹೆಚ್ಚಾಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ. ಹಾಗಲವಾಡಿ ಮದುವೆ ನೆನಪಿದೆಯಾ, ನನ್ನ ಬಾಯಿ ಒತ್ತಿ ಹಿಡಿದಿದ್ದೆ, ನೆನಪಿದೆಯಾ ಎಂದು. ಅವಳ ಬಾಯಿ ಏನೋ ಹುಡುಕಿತು. ಕೊನೆಗೆ, "ಹಂಗಲ್ಲ" ಅಂದಳು. ಮತ್ತೆ, ಅದಕ್ಕಿಂತ ಜೋರಾಗಿ, "ಹಂಗಲ್ಲ ಹಂಗಲ್ಲ." ತೊಡೆಗೆ ಹೊಡೆದುಕೊಂಡಳು. ನೆನಪಿಲ್ಲ ಅಂದಳೋ, ನಾನು ತಪ್ಪು ತಿಳಿದಿದ್ದೇನೆ ಅಂದಳೋ, ಅಥವಾ ಬೇರೇನಾದರೂ ಹೇಳುವುದಿತ್ತೋ. ಹೊಡೆದುಕೊಳ್ಳುತ್ತಿದ್ದ ಕೈಯನ್ನು ಹಿಡಿದು ನಿಲ್ಲಿಸಿದೆ. ಕೇಳಬಾರದಿತ್ತು. ಮಾತಿಲ್ಲದವಳನ್ನು ಲೆಕ್ಕ ಕೇಳಿದಂತಾಯಿತು ಎಂದು ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ಸ್ಟ್ರೋಕ್ ಮಳೆಗಾಲ ಹಿಡಿಯುವ ಮುಂಚೆ ಬಂತು. ತುಮಕೂರಿನ ಅದೇ ಆಸ್ಪತ್ರೆ. ಒಂಬತ್ತು ದಿನ ಅವಳು ಕಣ್ಣು ತೆರೆಯಲಿಲ್ಲ. ನಾನು ಆಫೀಸಿಗೆ ರಜೆ ಹಾಕಿ ಹಾಸಿಗೆ ಪಕ್ಕ ಕೂತು ಮೆಲ್ಲಗೆ ಹಾಡಿದೆ. ಎದುರಿನ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಇನ್ನೊಂದು ಸ್ವಲ್ಪ ಜೋರಾಗಿ ಹೇಳಿ, ನಮ್ಮತ್ತೆಗೂ ಕೇಳ್ಲಿ ಅಂದಳು. ಜೋರಾಗಿ ಹೇಳಿದೆ. ಅವ್ವನ ಬೆರಳು ಅಲ್ಲಾಡಲಿಲ್ಲ. ಬುಧವಾರ ಮಧ್ಯಾಹ್ನ ನಾನು ಕೆಳಗೆ ಊಟಕ್ಕೆ ಹೋಗಿದ್ದಾಗ ಉಸಿರು ನಿಂತಿತು. ಮೆಟ್ಟಿಲು ಹತ್ತಿ ಬಂದಾಗ ತಮ್ಮ ಕಾರಿಡಾರಿನಲ್ಲಿ ನಿಂತಿದ್ದ.

ತೀರಿಕೊಂಡ ಹನ್ನೊಂದನೆಯ ದಿನ, ತಿಥಿಗೆ ಬಂದ ಊರಿನ ಹೆಂಗಸರು ನಡುಮನೆಯಲ್ಲಿ ಕೂತರು. ಅವ್ವನಿಗೆ ಇಷ್ಟವಾಗಿದ್ದ ಒಂದು ಪದ ಹೇಳಿ ಎಂದು ತಮ್ಮನ ಹೆಂಡತಿ ನನ್ನನ್ನು ಕೇಳಿದಳು. ಹೇಳಿದೆ. ಅವ್ವನ ಜೊತೆಗಾತಿಯರಿಬ್ಬರೂ ಸೊಲ್ಲು ಹಿಡಿಯಲು ನೋಡಿದರು. ಅಷ್ಟು ತಗ್ಗಿಗೆ ಅವರ ದನಿ ಇಳಿಯಲಿಲ್ಲ. ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು ಸುಮ್ಮನಾದರು. ನಾನೊಬ್ಬಳೇ ಉಳಿದೆ. "ಅವ್ವನ ಕಂಠ ಬರ್ಲಿಲ್ಲ ನೋಡು" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದದ್ದು ಕೇಳಿಸಿತು. ನಿಜವೇ. ನಿಲ್ಲಿಸದೆ ಪದ ಮುಗಿಸಿದೆ, ಎದ್ದು ಎಲ್ಲರಿಗೂ ಊಟಕ್ಕೆ ಎಲೆ ಹಾಕಿದೆ.

ಮುಂದಿನ ಮಂಗಳವಾರ ಪಾಠಕ್ಕೆ ಹೋದೆ. ಇನ್ನೇಕೆ ಹೋಗಬೇಕು ಎಂದು ನನಗೂ ಅನ್ನಿಸಿತ್ತು. ಆದರೂ ಗುಬ್ಬಿ ಬಸ್ ಬಿಟ್ಟು ಕುಣಿಗಲ್ ಬಸ್ ಹತ್ತಿದ್ದೆ; ಮರಳೂರಿನ ಸ್ಟಾಪ್ ಬಂದಾಗ ಕಾಲು ತಾನಾಗಿ ಇಳಿಯಿತು. ಟೀಚರ್ ಕುಡಿಯಲು ನೀರು ಕೊಟ್ಟು, ಬಿಟ್ಟಲ್ಲಿಂದ ಶುರುಮಾಡಿದರು. ಈಗ ಸ್ವರಪಾಠ ಮುಗಿದು ಗೀತೆಗಳಿಗೆ ಬಂದಿದ್ದೇನೆ. ಮಕ್ಕಳ ಜೊತೆಗೇ ಕೂರುತ್ತೇನೆ, ತಪ್ಪಿದರೆ ಗಟ್ಟಿಯಾಗಿಯೇ ತಪ್ಪುತ್ತೇನೆ. ಧೈರ್ಯ ಬಂದಿದೆ ಎಂದೇ ಹೇಳಬೇಕು. ಅದನ್ನು ಯಾರಿಗೆ ತೋರಿಸಬೇಕಿತ್ತೋ ಅವಳಿಲ್ಲ ಎಂಬುದು ಧೈರ್ಯಕ್ಕೆ ತಿಳಿಯುವುದಿಲ್ಲ.

ಹೋದ ತಿಂಗಳು ತಮ್ಮನ ಹೆಂಡತಿ ಫೋನ್ ಮಾಡಿ ಅವ್ವನ ಪದಗಳನ್ನು ಬರೆದುಕೊಡಿ, ಕಲಿಯುತ್ತೇನೆ ಅಂದಳು. ಒಂದು ನೋಟ್‌ಬುಕ್ ತಂದು ಬರೆಯಲು ಕೂತೆ. ಒಂದು ಪದದ ನಡುವೆ ಅರ್ಧ ಸಾಲು ನನಗೆ ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಅಲ್ಲಿ ಅವ್ವ ಯಾವಾಗಲೂ ಉಸಿರು ತೆಗೆದುಕೊಳ್ಳುತ್ತಿದ್ದಳು, ಮಾತುಗಳು ನುಂಗಿಹೋಗುತ್ತಿದ್ದವು. ತಮ್ಮನಿಂದ ಅವಳ ಜೊತೆಗಾತಿಯರನ್ನು ಕೇಳಿಸಿದೆ. ನಾವು ಸೊಲ್ಲಷ್ಟೇ ಹಿಡೀತಿದ್ವಿ, ಅದು ಅವಳಿಗೊಬ್ಬಳಿಗೇ ಗೊತ್ತಿತ್ತು ಅಂದರಂತೆ. ಅಷ್ಟು ಜಾಗ ಖಾಲಿ ಬಿಟ್ಟು, ಕೆಳಗಿನ ಸಾಲಿನಿಂದ ಮುಂದಕ್ಕೆ ಬರೆದೆ.