ಗಿಣ್ಣು ಊರಿಗೆ, ಭೇದಿ ಕರುವಿಗೆ

ಕೊರೊನಾದ ಗಲಾಟೆ ಇಳಿದು, ಜನ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ತಿರುಗುತ್ತಿದ್ದ ವರ್ಷ ಅದು. ನಾನಾಗ ಬೆಳ್ತಂಗಡಿ ತಾಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ಇಮ್ಯುನಿಟಿ ಎಂಬ ಶಬ್ದವನ್ನು ಕಷಾಯ ಮಾರುವವರಿಂದ ಹಿಡಿದು ಭಾಷಣ ಮಾಡುವವರವರೆಗೆ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು. ಅರ್ಥ ಗೊತ್ತಿದ್ದವರು ಕಡಿಮೆ.

ಗೊತ್ತಿಲ್ಲದವರಲ್ಲಿ ಅಗ್ರಗಣ್ಯರು ಅಳದಂಗಡಿ ಕಡೆಯ ಪ್ರಭಾಕರ ರಾಯರು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಿರ್ ತಳಿಯ ದನಗಳನ್ನು ಕಟ್ಟಿಕೊಂಡು, ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಸಿಕ್ಕ ವೇದಿಕೆಗಳಲ್ಲೆಲ್ಲ ಗೋವಿನ ಮಹಿಮೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದರು. "ತಳಿ ಶುದ್ಧ ಇದ್ದರೆ ರೋಗ ಹತ್ತಿರ ಸುಳಿಯುವುದಿಲ್ಲ, ಶಕ್ತಿ ರಕ್ತದಲ್ಲೇ ಉಂಟು" ಎಂಬುದು ಅವರ ಪಲ್ಲವಿ. ಅಂಥ ಶುದ್ಧ ರಕ್ತದ ಎರಡು ಕರುಗಳು ಆ ವರ್ಷ ಹುಟ್ಟಿದ ವಾರದೊಳಗೆ ಭೇದಿ ಹತ್ತಿ ಸತ್ತಿದ್ದವು. ಕೊನೆಯವರೆಗೂ ಅವುಗಳ ಹಿಂಭಾಗ ತೊಳೆದು, ಗೋಣಿ ಹೊದಿಸಿ, ಪಕ್ಕದಲ್ಲೇ ಕುಳಿತಿದ್ದವರು ರಾಯರ ಹೆಂಡತಿ ವಸಂತಕ್ಕ. ರಾಯರು ಮಾತ್ರ ನನ್ನ ಇಂಜೆಕ್ಷನ್ನೇ ಸರಿ ಇಲ್ಲವೆಂದು ಊರಿಡೀ ಹೇಳಿಕೊಂಡು ಬಂದರು.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಅವರ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ಬಂತು. ಈಗಷ್ಟೇ ಕರು ಹಾಕಿದ ದನದ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ತಾನಾಗಿ ಗಟ್ಟಿಯಾಗುತ್ತದೆ. ದಿನ ಕಳೆದಂತೆ ಹಾಲು ತೆಳುವಾಗಿ, ಗಿಣ್ಣೂ ಸಡಿಲವಾಗುತ್ತದೆ. ಈ ಗಿಣ್ಣಾದರೋ ಚಮಚ ಊರಿದರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಅಂದರೆ ಮೊತ್ತಮೊದಲು ಕರೆದ ಹಾಲಿನದ್ದು. ಡಬ್ಬಿ ತಂದ ರಿಕ್ಷಾದವನು, "ಇನ್ನೂ ತುಂಬಾ ಮನೆಗೆ ಉಂಟು ಡಾಕ್ಟ್ರೇ. ಬ್ಯಾಂಕ್ ಮ್ಯಾನೇಜರ್ರಿಗೂ ಉಂಟು" ಎಂದ. ಊರಿಗೆ ಉಪಕಾರಿ, ಮನೆಗೆ ಮಾರಿ! ಇಷ್ಟು ಮನೆಗೆ ಹಂಚಿದ ಮೇಲೆ ಕರುವಿಗೆ ಉಳಿದದ್ದೇನು? ಡಬ್ಬಿ ಮುಚ್ಚಿ ಬೈಕ್ ಹತ್ತಿದೆ.

ನಸುಕಿನಲ್ಲಿ ಹುಟ್ಟಿದ ಹೆಣ್ಣು ಕರು ತಾಯಿಯಿಂದ ದೂರ, ದನ ಕಟ್ಟುವ ಹಟ್ಟಿಯ ಮೂಲೆಯಲ್ಲಿ ಮಲಗಿತ್ತು. ಬಾಯಿ ತಣ್ಣಗಿತ್ತು. ವಸಂತಕ್ಕ ಅದರ ಬೆನ್ನು ಉಜ್ಜುತ್ತಾ ಕುಳಿತಿದ್ದರು. ರಾಯರು ಬಾಗಿಲಲ್ಲಿ ನಿಂತು ನನಗೇ ಪಾಠ ಶುರುಮಾಡಿದರು.

"ಮೊದಲಿನ ಹಾಲು ದಪ್ಪ ಅಲ್ವಾ ಡಾಕ್ಟ್ರೇ, ಕರುವಿಗೆ ಜೀರ್ಣ ಆಗುದಿಲ್ಲ, ಭೇದಿ ಆಗ್ತದೆ. ಅದಕ್ಕೇ ಪೂರಾ ಕರೆದು ತೆಗೆದದ್ದು. ನಾಳೆಯಿಂದ ಕುಡಿಯಲಿಕ್ಕೆ ಬಿಡ್ತೇನೆ. ಗಿಣ್ಣು ತಿಂದ್ರಾ? ಇಮ್ಯುನಿಟಿಗೆ ಒಳ್ಳೇದು."

ಭೇದಿ ಬರಬಾರದೆಂದು ಭೇದಿಯ ಮದ್ದನ್ನೇ ಕಿತ್ತುಕೊಂಡ ಮಹಾಶಯರು! ಮನುಷ್ಯರ ಮಗು ತಾಯಿಯ ಗರ್ಭದಲ್ಲಿರುವಾಗಲೇ ರಕ್ತದ ಮೂಲಕ ಒಂದಿಷ್ಟು ಆ್ಯಂಟಿಬಾಡಿ, ಅಂದರೆ ರೋಗಾಣುಗಳ ವಿರುದ್ಧದ ಪ್ರತಿಕಾಯಗಳನ್ನು, ಪಡೆದುಕೊಂಡು ಬರುತ್ತದೆ. ದನದ ಕರುವಿಗೆ ಆ ಭಾಗ್ಯವಿಲ್ಲ. ತಾಯಿ ತನ್ನ ಹಟ್ಟಿಯ ಇ. ಕೋಲೈಯಂಥ ಬ್ಯಾಕ್ಟೀರಿಯಾಗಳ ವಿರುದ್ಧ ಗಳಿಸಿದ್ದನ್ನೆಲ್ಲ ಗಿಣ್ಣಿನ ಹಾಲಿನಲ್ಲಿ ಇಟ್ಟಿರುತ್ತದೆ. ಕರುವಿನ ಕರುಳು ಅದನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು ಒಂದು ದಿನದವರೆಗೆ ಮಾತ್ರ. ಗಂಟೆ ಗಂಟೆಗೂ ಆ ದಾರಿ ಕಿರಿದಾಗುತ್ತಾ ಹೋಗುತ್ತದೆ. ದೊಡ್ಡವರ ಹೊಟ್ಟೆಗೆ ಹೋದರೆ ಅದು ಜೀರ್ಣವಾಗುವ ಒಂದು ಸಿಹಿತಿಂಡಿ, ಅಷ್ಟೇ.

"ರಾಯರೇ, ನೀವು ಹೇಳುವ ಶಕ್ತಿ ಈ ಕರುವಿನ ರಕ್ತದಲ್ಲಿ ಇಲ್ಲ. ಅದಕ್ಕೆ ಸಿಗಬೇಕಾದದ್ದನ್ನು ಬ್ಯಾಂಕಿನವರು ತಿಂದಿದ್ದಾರೆ" ಎಂದೆ.

ಬರಿದಾದ ಕೆಚ್ಚಲಿನಲ್ಲಿ ಮತ್ತೆ ಇಳಿಯುವ ಹಾಲಿಗೆ ಮೊದಲಿನ ಸತ್ವವಿಲ್ಲ. ಬೇಲಿಯಾಚೆ ನಫೀಸಕ್ಕನ ಮನೆ. ಹಿಂದಿನ ದಿನವಷ್ಟೇ ಅವರ ಜರ್ಸಿ ಮಿಶ್ರತಳಿಯ ದನಕ್ಕೆ ನಾನೇ ಹೆರಿಗೆ ಮಾಡಿಸಿದ್ದೆ. ಕರು ಹೊಟ್ಟೆತುಂಬ ಕುಡಿದ ಮೇಲೂ ಮೊದಲ ಹಾಲು ಉಳಿದು, ಫ್ರಿಜ್ಜಿನಲ್ಲಿತ್ತು. ಅದನ್ನು ತರಿಸಿ ಎಂದೆ.

ರಾಯರ ಮುಖ ಗಂಟಾಯಿತು. "ಆ ಮನೆಯದ್ದಾ? ಅದೂ ಮಿಕ್ಸ್ ಜಾತಿದು! ನಮ್ಮ ಕರುವಿಗೆ ಅದೆಲ್ಲ ಆಗುದಿಲ್ಲ."

ದನದ ಜಾತಿಯ ನೆಪದಲ್ಲಿ ಅವರು ಯಾರ ಜಾತಿ ಎತ್ತಿದರೆಂದು ನಮಗೆ ಅರ್ಥವಾಗದೆ ಇರಲಿಲ್ಲ. ನನಗೆ ಹೇಸಿಗೆಯಾಯಿತು. ಉತ್ತರ ಕೊಡಬೇಕೆನ್ನುವಷ್ಟರಲ್ಲಿ ವಸಂತಕ್ಕ ಎದ್ದರು.

"ಎರಡು ಕರುವನ್ನು ನಿಮ್ಮ ಮಾತು ಕೇಳಿ ಹೂತಾಯ್ತು. ಇದನ್ನು ನಾನು ನೋಡಿಕೊಳ್ತೇನೆ. ನೀವು ಒಳಗೆ ಹೋಗಿ."

ಸೆರಗಿಗೆ ಕೈ ಒರೆಸಿಕೊಂಡು ಬೇಲಿಯ ಹತ್ತಿರ ಹೋಗಿ ಕೂಗಿದರು. ನಫೀಸಕ್ಕ ಪಾತ್ರೆಯನ್ನೇ ಎತ್ತಿ ಕೊಟ್ಟರು. "ಪೂರಾ ತಕೊಂಡು ಹೋಗಿ ವಸಂತಕ್ಕ. ಗಿಣ್ಣು ಇನ್ನೊಮ್ಮೆ ಮಾಡುವ."

ಕುದಿಸಿದರೆ ಪ್ರತಿಕಾಯಗಳು ಹಾಳಾಗುತ್ತವೆ. ಬಿಸಿನೀರಿನಲ್ಲಿ ಪಾತ್ರೆ ಇಟ್ಟು, ಮೈ ಬಿಸಿಯಷ್ಟೇ ಬೆಚ್ಚಗೆ ಮಾಡಿ, ಬಾಟಲಿಯಲ್ಲಿ ನಿಧಾನವಾಗಿ ಸುಮಾರು ಎರಡು ಲೀಟರ್ ಕುಡಿಸಿದೆವು. ಸಂಜೆ ವಸಂತಕ್ಕ ಇನ್ನೊಮ್ಮೆ ಕುಡಿಸಿದರು. ಮೂರನೆಯ ದಿನ ಸ್ವಲ್ಪ ಭೇದಿ ಕಂಡಿತು. ವಸಂತಕ್ಕನ ಮುಖ ನೋಡಲಾಗಲಿಲ್ಲ. ಆದರೆ ಕರು ಮಲಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಂಗಳವಿಡೀ ನೆಗೆಯುತ್ತಿತ್ತು. ರಾಯರು ಮೂಡುಬಿದಿರೆಯ ಸಭೆಯೊಂದರಲ್ಲಿ ಅದರ ಫೋಟೊ ತೋರಿಸಿ, ಶುದ್ಧ ರಕ್ತದ ಮಹಿಮೆ ಎಂದರಂತೆ. ಚಪ್ಪಾಳೆಯೂ ಬಿತ್ತಂತೆ. ಬೀಳದೆ ಏನು, ಕೇಳುವವರೂ ಅವರಂಥವರೇ!

ಅಲ್ಲಿಯವರೆಗೆ ನಾನು ಯಾವ ಹಟ್ಟಿಗೆ ಹೋದರೂ ಯಜಮಾನರನ್ನು ಹುಡುಕಿ, ಅವರಿಗೆ ತಿಳಿಹೇಳಿ ಬರುತ್ತಿದ್ದೆ. ಆಮೇಲೆ ಆ ಶ್ರಮ ಬಿಟ್ಟೆ. ಈ ಮನೆಯಲ್ಲಿ ಕರುವಿನ ಭೇದಿ ತೊಳೆಯುವವರು ಯಾರು ಎಂದು ಮೊದಲು ಕೇಳುತ್ತೇನೆ. ಯಜಮಾನರಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕಿ, ಹೇಳಬೇಕಾದದ್ದನ್ನೆಲ್ಲ ಆ ತೊಳೆಯುವವರಿಗೇ ಹೇಳುತ್ತೇನೆ.