ನಾಲೆ ಏರಿಯ ಮೇಲಿನ ಎರಡನೇ ಹೆಜ್ಜೆ

ದೆವ್ವ, ಗಾಳಿ ಸೋಕುವುದು ಇವುಗಳ ಮಾತೆತ್ತಿದರೆ ನಾನು ಎದ್ದು ಹೋಗುವ ಜಾತಿ. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಬದುಕಿದವನು. ಇಂಥ ಕತೆ ಹೇಳಲು ಬಂದ ಎಷ್ಟೋ ಜನರನ್ನು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಂಬಲೇಬೇಕೆಂಬ ಒತ್ತಾಯವೇನಿಲ್ಲ.

ತೊಂಬತ್ತರ ದಶಕದ ನಡುವೆ ನಡೆದದ್ದು. ನನ್ನ ಅಕ್ಕನ ಗಂಡ ಶೀಳನೆರೆಯವರು. ಗಡಿ ಕಾಯುವ ಪಡೆಯಲ್ಲಿ ಸಬ್ ಇನ್ಸ್‌ಪೆಕ್ಟರ್, ರಾಜಸ್ಥಾನದ ಮರಳುಗಾಡಿನಲ್ಲಿ ಡ್ಯೂಟಿ. ಹೊಟ್ಟೆ ತುಂಬ ಮುದ್ದೆ ಉಂಡು, ತಮ್ಮನ್ನು ತಾವೇ ಹೊಗಳಿಕೊಂಡು ಎಲ್ಲರನ್ನೂ ನಗಿಸುವ ಆಸಾಮಿ. ಆ ಸಲ ರಜಕ್ಕೆ ಬಂದವರು ಅಕ್ಕನ ಜೊತೆ ಹೇಮಗಿರಿ ನಾಲೆ ಪಕ್ಕದ ನಮ್ಮ ಹಳ್ಳಿಗೂ ಬಂದಿದ್ದರು. ಇನ್ನೊಂದು ತರಬೇತಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದೇನೆ ಎಂದು ಅವರು ಹೇಳಿದಾಗ ನನಗೆ ನಗು ಬಂತು.

"ಅಲ್ಲ ಭಾವ, ತಲೆ ಎಲ್ಲ ನರ್ತೋಗದೆ, ಇನ್ನೂ ಏನ್ ಕಲುಸ್ತಾರೆ ನಿಮ್ಗೆ?" ಎಂದೆ.

"ವರ್ಸ ವರ್ಸಾನೂ ಕೂರುಸ್ತಾರೆ ಕಣ್ಲಾ ಮೇಷ್ಟ್ರೇ. ಕಲ್ತಿದ್ದನ್ನೇ ಮತ್ತೆ ಕಲೀಬೇಕು. ಕಣ್ಣು ಅಂದ್ರೆ ಕುಡ್ಲು ಇದ್ದಂಗೆ. ಮಸೀದೆ ಬುಟ್ರೆ ಮೊಂಡಾಗೋಯ್ತದೆ."

ಬಂದೂಕು, ಕಾನೂನು, ಸಿಕ್ಕಿಬಿದ್ದವರನ್ನು ವಿಚಾರಿಸುವ ಕ್ರಮ ಎಲ್ಲದಕ್ಕೂ ಅವರಿಗೆ ಆಗಾಗ ಪಾಠ, ಪರೀಕ್ಷೆ. ಫೇಲಾದರೆ ಮತ್ತೆ ಮೊದಲಿಂದ ಶುರು. ಭಾವನವರ ಪ್ರೀತಿಯ ವಿಷಯ ಮಾತ್ರ ಹೆಜ್ಜೆಗುರುತು. ಬೇಲಿಯ ಉದ್ದಕ್ಕೂ ಸಂಜೆ ಮರಳನ್ನು ನಯವಾಗಿ ಎಳೆದು ಬಿಡುತ್ತಾರಂತೆ. ಬೆಳಗ್ಗೆ ಅದರ ಮೇಲೆ ಯಾರು ಬಂದರು, ಎತ್ತ ಹೋದರು, ಹೊರೆ ಹೊತ್ತಿದ್ದರೋ ಇಲ್ಲವೋ ಎಂದು ಓದುತ್ತಾರಂತೆ. ರಜದಲ್ಲೂ ಈ ಮನುಷ್ಯ ಸುಮ್ಮನಿರುತ್ತಿರಲಿಲ್ಲ. ಬೆಳಗಾಗೆದ್ದು ನಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕೋಳಿ, ನಾಯಿ, ಹಾಲಿನವನು, ಎಲ್ಲರ ಹೆಜ್ಜೆ ನೋಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯನಿಗೆ ಇಷ್ಟೊಂದು ಶ್ರದ್ಧೆಯೇ ಎಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಅವ್ವ ಹಾಸಿಗೆಯಲ್ಲಿ ಇರಲಿಲ್ಲ. ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮುಂದಿನ ವಾರ ಮಂಡ್ಯದಲ್ಲಿ ಆಪರೇಷನ್. ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ಕಾಣುತ್ತಿತ್ತು. ಸೂರಿನ ಸಂದಿಯಲ್ಲಿದ್ದ ಕುಡುಗೋಲೂ ಇಲ್ಲ, ಕುಕ್ಕೆಯೂ ಇಲ್ಲ. ಬೆಳದಿಂಗಳನ್ನೇ ಬೆಳಗು ಎಂದುಕೊಂಡು ಹಸುವಿಗೆ ಹುಲ್ಲು ಕೊಯ್ಯಲು ಹೊರಟುಬಿಟ್ಟಿದ್ದಳು. ನಾಲೆ ದಡ ಮುಟ್ಟಿ ಹರಿಯುತ್ತಿತ್ತು. ಅಕ್ಕ ಅಳಲು ಶುರುಮಾಡಿದಳು.

ಭಾವನವರು ಮಾತ್ರ ಬೇರೆಯೇ ಮನುಷ್ಯರಾಗಿಬಿಟ್ಟರು. ತಮಾಷೆ, ಜಂಬ ಒಂದೂ ಇಲ್ಲ. ಹಿಂದಿನ ಸಂಜೆ ತುಂತುರು ಮಳೆ ಬಿದ್ದು ನಾಲೆ ಏರಿಯ ಮಣ್ಣು ಹದವಾಗಿತ್ತು. ಆಗ ತಾನೇ ಹುಟ್ಟುತ್ತಿದ್ದ ಸೂರ್ಯನಿಗೆ ಎದುರಾಗಿ, ಓರೆ ಬೆಳಕಿನಲ್ಲಿ ಗುರುತು ಎದ್ದು ಕಾಣುವಂತೆ, ಬಗ್ಗಿ ನೋಡಿದರು. "ತುಳೀಬ್ಯಾಡ. ಪಕ್ದಲ್ಲಿ ಬಾ," ಎಂದರು. ಅವ್ವನ ಬರಿಗಾಲಿನ ಗುರುತು ನನಗೂ ಕಂಡಿತು. ಸ್ವಲ್ಪ ದೂರ ಹೋದ ಮೇಲೆ ಅವರು ನಿಂತರು.

"ಇಬ್ರು ಅವ್ರೆ ಕಣ್ಲಾ."

ಅವ್ವನ ಪಕ್ಕದಲ್ಲೇ ಇನ್ನೊಂದು ಜೊತೆ ಬರಿಗಾಲು, ಗಂಡಸಿನದು. ನಾಲೆಯ ಕಡೆಯಿಂದ ಬಂದು ಸೇರಿದ್ದೋ, ಎಲ್ಲಿಂದ ಶುರುವಾದದ್ದೋ ತಿಳಿಯಲಿಲ್ಲ. ಒಂದು ಕಡೆ ಅವ್ವನ ಹೆಜ್ಜೆ ಅದರ ಮೇಲೆ ಬಿದ್ದಿತ್ತು, ಇನ್ನೊಂದು ಕಡೆ ಅದು ಅವ್ವನ ಹೆಜ್ಜೆಯ ಮೇಲೆ ಬಿದ್ದಿತ್ತು. ಅಂದರೆ ಇಬ್ಬರೂ ಒಟ್ಟಿಗೇ ನಡೆದಿದ್ದರು. ಆ ಹೆಜ್ಜೆ ಉದ್ದಕ್ಕೂ ಅವ್ವನಿಗೂ ನೀರಿಗೂ ನಡುವೆಯೇ ಇತ್ತು.

ತೂಬಿನ ಕಟ್ಟೆಯ ಮೇಲೆ ಅವ್ವ ಸೆರಗು ಹೊದ್ದು ಕೂತಿದ್ದಳು. ನನಗೆ ಉಸಿರು ಬಂತು. ಯಾರು ಜೊತೆಗಿದ್ದರು ಎಂದು ಕೇಳಿದೆ.

"ಈ ಒತ್ನಲ್ಲಿ ಯಾರ್ಲಾ ಬತ್ತಾರೆ? ಒಬ್ಳೇ ಬಂದೆ. ಚಳಿ ಆಯ್ತು, ಕುಂತ್ಕೊಂಡೆ."

ಭಾವನವರು ಕಟ್ಟೆಯ ಸುತ್ತ ಹುಡುಕಿದರು. ಎರಡನೇ ಹೆಜ್ಜೆ ಅಲ್ಲಿಗೆ ಮುಗಿದಿತ್ತು. ಮುಂದಕ್ಕೆ ಹೋಗಿರಲಿಲ್ಲ, ಹಿಂದಕ್ಕೆ ತಿರುಗಿರಲಿಲ್ಲ, ಗದ್ದೆಗೆ ಇಳಿದಿರಲಿಲ್ಲ. ನೀರಿನ ಕಡೆಯ ಹುಲ್ಲಿನ ಮೇಲೆ ಇಬ್ಬನಿ ಯಾರೂ ತುಳಿಯದೆ ಹಾಗೇ ಇತ್ತು.

ವಾಪಸ್ಸು ಬರುವಾಗ ಅವರು ಒಂದು ಜಾಗದಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಹೋಗುವಾಗಲೇ ನೋಡಿದ್ದರಂತೆ, ನಾನು ಹೆದರುತ್ತೇನೆಂದು ಸುಮ್ಮನಿದ್ದರಂತೆ. ಅವ್ವನ ಕಾಲು ಏರಿಯ ಅಂಚಿನಲ್ಲಿ ಉದ್ದಕ್ಕೆ ಜಾರಿತ್ತು. ಅಲ್ಲೇ ಆ ಇನ್ನೊಬ್ಬನ ಎರಡೂ ಹಿಮ್ಮಡಿ ಮಣ್ಣಿನಲ್ಲಿ ಆಳಕ್ಕೆ ಹೂತಿದ್ದವು, ಭಾರ ಹಿಡಿದು ನಿಂತವನ ಹಾಗೆ.

"ಇಲ್ಲೇನಾರ ಜಾರುದ್ರಾ ಅತ್ತೆ?" ಎಂದು ಕೇಳಿದರು.

"ಊಂ ಕಣಪ್ಪ, ಜಾರ್ದೆ. ಅದೆಂಗೋ ನಿಂತ್ಕೊಂಬುಟ್ಟೆ," ಎಂದಳು ಅವ್ವ, ಏನೂ ನಡೆದೇ ಇಲ್ಲವೆಂಬಂತೆ.

ಆಮೇಲೆ ನಾನೂ ನನ್ನ ಬುದ್ಧಿಗೆ ತೋಚಿದ ಕಾರಣಗಳನ್ನೆಲ್ಲ ಹುಡುಕಿದೆ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿದೆ, ಮೀನು ಹಿಡಿಯುವವರನ್ನು ಕೇಳಿದೆ. ಆ ಬೆಳಗ್ಗೆ ಆ ಕಡೆ ಯಾರೂ ಹೋಗಿರಲಿಲ್ಲ. ಊರವರು, ವಯಸ್ಸಾಗಿ ತೀರಿಕೊಂಡ ನಮ್ಮಪ್ಪನೇ ಇರಬೇಕು ಎಂದರು. ಭಾವನವರು ಒಪ್ಪಲಿಲ್ಲ, ಅದು ವಯಸ್ಸಾದವರ ಪಾದವಲ್ಲ ಎಂದರು. ಮುಂದಿನ ತರಬೇತಿಯಲ್ಲಿ ತಮ್ಮ ಉಸ್ತಾದರ ಮುಂದೆ ಆ ಹೆಜ್ಜೆಗಳನ್ನು ಮರಳಿನಲ್ಲಿ ಬರೆದು ತೋರಿಸಿದರಂತೆ. ಉಸ್ತಾದರು ಬಹಳ ಹೊತ್ತು ನೋಡಿ, ಕಂಡದ್ದನ್ನು ಮಾತ್ರ ಹೇಳು, ಅಂದುಕೊಂಡದ್ದನ್ನು ಹೇಳಬೇಡ ಎಂದರಂತೆ.

ಅವ್ವನಿಗೆ ಆಪರೇಷನ್ ಆಯಿತು, ಕಣ್ಣು ಬಂತು, ಮೊಮ್ಮಕ್ಕಳ ಮದುವೆ ನೋಡಿದಳು. ನನಗೆ ಮಾತ್ರ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಭಾವನವರು ರಿಟೈರಾಗಿ ಬಂದ ಮೇಲೆ ಒಂದು ದಿನ ಪಟ್ಟು ಹಿಡಿದು ಕೇಳಿದೆ: ನಿಮ್ಮ ಕಣ್ಣಿಗೆ ಅವನು ಯಾರು ಅನ್ನಿಸಿತು, ಅದನ್ನಾದರೂ ಹೇಳಿ.

ಅವರು ನಗಲಿಲ್ಲ. "ಯಾರೋ ಏನೋ, ನಂಗೊತ್ತಿಲ್ಲ ಕಣ್ಲಾ," ಎಂದರು. "ಆದ್ರೆ ಕಾಯೋದು ಎಂಗೆ ಅಂತ ಗೊತ್ತಿದ್ದೋನು."